ನದಿಯೊಳಗಣ ಸರೋವರ

ಸರೋವರಗಳು ಹುಟ್ಟುವ ಬಗೆಗಳು ಹಲವು. ಭೂಮಿಯ ಪದರ ಕುಸಿದು ಉಂಟಾದ ತಗ್ಗಿನಲ್ಲಿ ನೀರು ನಿಂತು ಆದವು ಕೆಲವು. ಹಿಮನದಿಗಳು ಕೊರೆದ ಕಣಿವೆಗಳಲ್ಲಿ ನೆಲೆಗೊಂಡವು ಕೆಲವು. ಆರಿದ ಜ್ವಾಲಾಮುಖಿಯ ಬಾಯಿಯಲ್ಲಿ ತುಂಬಿಕೊಂಡವು ಮತ್ತೆ ಕೆಲವು. ಇವಲ್ಲದೆ, ಹರಿಯುವ ನದಿಯೇ ತನ್ನ ಪಾತ್ರದಲ್ಲಿ ಒಂದೆಡೆ ತಂಗಿ, ಅಗಲವಾಗಿ ಹರಡಿ, ಸರೋವರದ ರೂಪವನ್ನು ತಾಳುವುದೂ ಉಂಟು. ಅಂತಹ ಸರೋವರಕ್ಕೆ ಬೇರೆ ದಡವಿಲ್ಲ. ನದಿಯ ದಡಗಳೇ ಅದರ ದಡಗಳು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ನೇತ್ರಾವತಿ ನದಿಗೆ ಕಟ್ಟಿರುವ ಕಿಂಡಿ ಅಣೆಕಟ್ಟಿನ ಹಿಂದೆ ಪ್ರತಿವರ್ಷ ಬೇಸಗೆಯಲ್ಲಿ ನಿಲ್ಲುವ ಜಲರಾಶಿ ಈ ಬಗೆಯದು. ಮಳೆಗಾಲದಲ್ಲಿ ಅದು ಭೋರ್ಗರೆಯುವ ನದಿ. ಬೇಸಗೆಯಲ್ಲಿ ಅಲುಗಾಡದ ಕೊಳ. ವಿಸ್ತಾರದಲ್ಲಿ ಅದು ಚಿಕ್ಕದು. ಆದರೆ ಮಂಗಳೂರು ನಗರದ ಕುಡಿಯುವ ನೀರಿನ ಬಹುಪಾಲು ಅಲ್ಲಿಂದಲೇ ಒದಗುತ್ತದೆ. ಆ ನೀರಿನ ಅಕ್ಕಪಕ್ಕದ ಹತ್ತಾರು ಮೈಲುಗಳಲ್ಲಿ ಕರಾವಳಿಯ ನಾಲ್ಕೈದು ಶತಮಾನಗಳ ಇತಿಹಾಸವೂ ಅಡಗಿದೆ.

ನೇತ್ರಾವತಿ ಹುಟ್ಟುವುದು ಪಶ್ಚಿಮಘಟ್ಟದ ಕುದುರೆಮುಖ ಶ್ರೇಣಿಯಲ್ಲಿ. ವರಾಹರೂಪಿಯಾದ ವಿಷ್ಣುವಿನ ಕೋರೆದಾಡೆಗಳಿಂದ ತುಂಗೆಯೂ ಭದ್ರೆಯೂ, ಕಣ್ಣುಗಳಿಂದ ನೇತ್ರಾವತಿಯೂ ಉದ್ಭವಿಸಿದವು ಎಂಬುದು ಪುರಾಣದ ಕಲ್ಪನೆ. ಒಂದೇ ಪರ್ವತಪ್ರದೇಶದಿಂದ ಹೊರಟರೂ ಈ ನದಿಗಳ ದಾರಿ ಬೇರೆ ಬೇರೆ. ತುಂಗಭದ್ರೆಯರು ಪೂರ್ವಕ್ಕೆ ತಿರುಗಿ, ಕೃಷ್ಣೆಯನ್ನು ಕೂಡಿ, ನೂರಾರು ಮೈಲು ದೂರದ ಬಂಗಾಳಕೊಲ್ಲಿಯನ್ನು ಸೇರುತ್ತವೆ. ನೇತ್ರಾವತಿಯಾದರೋ ಪಶ್ಚಿಮಕ್ಕಿಳಿದು ಸುಮಾರು ನೂರು ಕಿಲೋಮೀಟರುಗಳಲ್ಲೇ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಘಟ್ಟದ ನೆತ್ತಿಯಿಂದ ಬೆಳ್ತಂಗಡಿ ತಾಲ್ಲೂಕಿನ ಬಯಲಿಗೆ ಅದು ಧುಮುಕುವಷ್ಟು ವೇಗದಲ್ಲಿ ಇಳಿಯುತ್ತದೆ. ಚಾರ್ಮಾಡಿ, ನೆರಿಯ, ಶಿಶಿಲಗಳ ಕಾಡುಗಳಿಂದ ಬರುವ ಹೊಳೆಗಳನ್ನು ಕೂಡಿಕೊಂಡು, ಧರ್ಮಸ್ಥಳವನ್ನು ಹಾದು, ಉಪ್ಪಿನಂಗಡಿಯಲ್ಲಿ ಸುಬ್ರಹ್ಮಣ್ಯದ ಕಡೆಯಿಂದ ಬರುವ ಕುಮಾರಧಾರೆಯನ್ನು ಸಂಧಿಸುತ್ತದೆ. ಮಳೆಗಾಲದಲ್ಲಿ ಎರಡು ನದಿಗಳೂ ಉಕ್ಕಿ ಅಲ್ಲಿಯ ಸಹಸ್ರಲಿಂಗೇಶ್ವರ ದೇವಾಲಯದ ಎದುರಿಗೆ ಒಂದಾಗುವುದನ್ನು ಜನ ಸಂಗಮವೆಂದು ಪೂಜಿಸುತ್ತಾರೆ. ಅಲ್ಲಿಂದ ಮುಂದೆ ನದಿಯ ಇಳಿಜಾರು ತೀರ ಕಡಿಮೆ. ಬಂಟ್ವಾಳ, ಪಾಣೆಮಂಗಳೂರು, ತುಂಬೆ, ಫರಂಗಿಪೇಟೆಗಳನ್ನು ದಾಟುವ ನದಿಯ ಪಾತ್ರ ಅಗಲವಾಗಿದೆ. ನಡುನಡುವೆ ಕುದ್ರುಗಳೆಂದು ಕರೆಯಲಾಗುವ ನದೀದ್ವೀಪಗಳಿವೆ. ಕೊನೆಗೆ ಉಳ್ಳಾಲ ಮತ್ತು ಮಂಗಳೂರುಗಳ ನಡುವೆ ಉತ್ತರದಿಂದ ಬರುವ ಗುರುಪುರ ನದಿಯೊಡನೆ ಸೇರಿ ಅಳಿವೆಯ ಮೂಲಕ ಕಡಲಿಗೆ ಬೀಳುತ್ತದೆ.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುತ್ತದೆ. ಇಷ್ಟು ಮಳೆ ಬೀಳುವ ನಾಡಿನಲ್ಲಿ ನೀರನ್ನು ಕಟ್ಟಿ ನಿಲ್ಲಿಸುವ ಅಗತ್ಯವೇನು ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಮಳೆಯ ಪ್ರಮಾಣದಲ್ಲಿಲ್ಲ, ಅದರ ಹಂಚಿಕೆಯಲ್ಲಿದೆ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಘಟ್ಟಕ್ಕೂ ಕಡಲಿಗೂ ನಡುವೆ ಇರುವ ನೆಲ ಇಕ್ಕಟ್ಟಾದದ್ದು, ಇಳಿಜಾರಾದದ್ದು. ಬಿದ್ದ ನೀರು ಹೆಚ್ಚು ಹೊತ್ತು ನೆಲದ ಮೇಲೆ ನಿಲ್ಲುವುದಿಲ್ಲ. ಡಿಸೆಂಬರ್ ಕಳೆಯುವಷ್ಟರಲ್ಲಿ ಹೊಳೆಗಳು ಸೊರಗುತ್ತವೆ; ಏಪ್ರಿಲ್, ಮೇ ತಿಂಗಳುಗಳಲ್ಲಿ ನೇತ್ರಾವತಿಯಂತಹ ದೊಡ್ಡ ನದಿಯೂ ಮರಳಿನ ನಡುವಣ ತೆಳುಧಾರೆಯಾಗುತ್ತದೆ. ಆ ದಿನಗಳಲ್ಲಿ ನದಿಯಲ್ಲಿ ಹರಿಯುವುದು ಆಗಸದ ನೀರಲ್ಲ. ಘಟ್ಟದ ಕಾಡುಗಳೂ ಗುಡ್ಡಗಳೂ ಮಳೆಗಾಲದಲ್ಲಿ ಹೀರಿಟ್ಟುಕೊಂಡು ಹನಿಹನಿಯಾಗಿ ಬಿಟ್ಟುಕೊಡುವ ಒರತೆಯ ನೀರು.

ನೀರನ್ನು ಹೀಗೆ ಹೀರುವ ಗುಡ್ಡಗಳಲ್ಲಿ ಹೆಚ್ಚಿನವು ಮುರಕಲ್ಲಿನವು. ಕೆಂಪುಬಣ್ಣದ, ತೂತುತೂತಾದ ಈ ಕಲ್ಲು ನೆಲದೊಳಗಿರುವಾಗ ಕೊಡಲಿಯಿಂದ ಕಡಿಯಬಹುದಾದಷ್ಟು ಮೆದುವಾಗಿದ್ದು, ಗಾಳಿಗೆ ತೆರೆದಿಟ್ಟಾಗ ಗಟ್ಟಿಯಾಗುತ್ತದೆ. ಕರಾವಳಿಯ ಮನೆಗಳ ಗೋಡೆಗಳೂ ಬಾವಿಗಳ ಕಟ್ಟೆಗಳೂ ಇದರಿಂದಲೇ ಆದವು. ಭೂವಿಜ್ಞಾನದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿತ್ತವನು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅವನು ಈ ಹೆಸರನ್ನು ರಚಿಸಿದನು. ಮಲಬಾರಿನಲ್ಲಿ ಈ ಕಲ್ಲನ್ನು ಪರೀಕ್ಷಿಸಿದ ಅದೇ ಪ್ರವಾಸದಲ್ಲಿ ಅವನು ನೇತ್ರಾವತಿಯ ದಡಕ್ಕೂ ಬಂದನು. ಆ ಸಂಗತಿ ಮುಂದೆ ಬರುತ್ತದೆ.

ಬೇಸಗೆಯ ಈ ಕೊರತೆಯನ್ನು ತುಳುನಾಡಿನ ರೈತ ಬಹುಹಿಂದೆಯೇ ಅರಿತಿದ್ದನು. ಅವನು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದೇ ನೀರನ್ನು ಅನುಸರಿಸಿ. ತಗ್ಗಿನಲ್ಲಿರುವ ಬೈಲುಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನು ತೆಗೆಯಬಹುದು. ನಡುವಣ ಮಜಲಿನಲ್ಲಿ ಎರಡು. ಮೇಲಣ ಬೆಟ್ಟುಗದ್ದೆಯಲ್ಲಿ ಮಳೆಗಾಲದ ಒಂದೇ ಬೆಳೆ. ಸುಗ್ಗಿ ಮತ್ತು ಕೊಳಕೆ ಬೆಳೆಗಳಿಗೆ ಮಳೆ ನಿಂತ ಮೇಲೂ ನೀರು ಬೇಕು. ಅದಕ್ಕಾಗಿ ಊರಿನವರೆಲ್ಲ ಸೇರಿ ತೋಡು ಹಳ್ಳಗಳಿಗೆ ಅಡ್ಡಲಾಗಿ ಮಣ್ಣು, ಕಲ್ಲು, ಮರದ ಕಂಬ, ಸೊಪ್ಪುಗಳಿಂದ ಕಟ್ಟಗಳನ್ನು ಹಾಕುತ್ತಿದ್ದರು. ಕಟ್ಟದ ಹಿಂದೆ ನಿಂತ ನೀರು ಗದ್ದೆಗೆ ಹರಿಯುವುದಲ್ಲದೆ ನೆಲದೊಳಗೂ ಇಳಿದು ಸುತ್ತಣ ಬಾವಿಗಳ ಒರತೆಯನ್ನು ಹೆಚ್ಚಿಸುತ್ತಿತ್ತು. ಮಳೆಗಾಲದ ಮೊದಲ ನೆರೆಗೆ ಕಟ್ಟ ಕೊಚ್ಚಿಹೋಗುತ್ತಿತ್ತು. ಮರುವರ್ಷ ಮತ್ತೆ ಕಟ್ಟುತ್ತಿದ್ದರು. ಗುಡ್ಡದ ಮಗ್ಗುಲಿನಲ್ಲಿ ಮಳೆನೀರನ್ನು ತಡೆದು ನಿಲ್ಲಿಸುವ ಮದಕಗಳೂ ಇದ್ದವು.

ನದಿಯಿಂದ ದೂರವಿದ್ದ ಊರುಗಳು ಕೆರೆಗಳನ್ನು ಆಶ್ರಯಿಸಿದವು. ಇದಕ್ಕೆ ಮೂಡುಬಿದಿರೆ ಉತ್ತಮ ನಿದರ್ಶನ. 1430ರ ಸುಮಾರಿಗೆ ನಿರ್ಮಿತವಾದ ಸಾವಿರ ಕಂಬದ ಬಸದಿಯಿಂದ ಪ್ರಸಿದ್ಧವಾದ ಈ ಜೈನಕೇಂದ್ರವನ್ನು ಹದಿನೆಂಟು ಬಸದಿಗಳ, ಹದಿನೆಂಟು ದೇವಾಲಯಗಳ, ಹದಿನೆಂಟು ಕೆರೆಗಳ ಊರೆಂದು ಜನ ಬಣ್ಣಿಸುತ್ತ ಬಂದಿದ್ದಾರೆ. ದೇವರ ಮನೆಗಳೊಡನೆ ಕೆರೆಗಳನ್ನೂ ಸಮನಾಗಿ ಎಣಿಸಿರುವುದು ಗಮನಾರ್ಹ. ಇನ್ನು ನದಿಗಳಲ್ಲಿ ಸಹಜವಾಗಿಯೇ ಆಳವಾದ ಮಡುಗಳಿರುತ್ತವೆ. ನದಿ ಸೊರಗಿದಾಗಲೂ ಮಡುವಿನಲ್ಲಿ ನೀರು ಉಳಿಯುವುದರಿಂದ ಜಲಚರಗಳು ಬೇಸಗೆಯನ್ನು ಅಲ್ಲಿ ಕಳೆಯುತ್ತವೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಾಲಯದ ಪಕ್ಕದ ಕಪಿಲಾ ಹೊಳೆಯ ಮಡುವು ಮತ್ಸ್ಯತೀರ್ಥವೆಂದು ಹೆಸರಾಗಿದೆ. ಅಲ್ಲಿಯ ಮೀನುಗಳು ದೇವರ ಮೀನುಗಳೆಂಬ ನಂಬಿಕೆಯಿಂದ ಅವನ್ನು ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಆ ಮಡುವಿಗೆ ವಿಷಪ್ರಾಶನವಾಗಿ ಅಸಂಖ್ಯ ಮೀನುಗಳು ಸತ್ತಾಗ ಊರಿನವರು ಅವುಗಳ ನೆನಪಿಗೆ ಸ್ಮಾರಕವನ್ನು ನಿಲ್ಲಿಸಿದರು. ನಿಂತ ನೀರನ್ನು ಕಾಯುವುದು ಎಷ್ಟು ಕಠಿನ, ಕೆಡಿಸುವುದು ಎಷ್ಟು ಸುಲಭ ಎಂಬುದನ್ನು ಆ ಸ್ಮಾರಕ ಸಾರುತ್ತದೆ.

ಕರಾವಳಿಯ ಹಿಂದಿನ ಅರಸುಮನೆತನಗಳ ನೆಲೆಗಳನ್ನು ಗುರುತಿಸಿದರೆ ಅವು ನದಿಗಳ ಜಾಡಿನಲ್ಲೇ ಇರುವುದು ಕಂಡುಬರುತ್ತದೆ. ಪಾಣೆಮಂಗಳೂರಿನ ಸಮೀಪ ನೇತ್ರಾವತಿಯ ದಡದ ನಂದಾವರದಲ್ಲಿ ಬಂಗರಸರ ಕೋಟೆಯಿತ್ತು. ವೇಣೂರಿನಲ್ಲಿ, ಫಲ್ಗುಣಿ ಎಂದು ಕರೆಯಲಾಗುವ ಗುರುಪುರ ನದಿಯ ದಡದಲ್ಲಿ, ಅಜಿಲರ ತಿಮ್ಮಣ್ಣನು 1604ರಲ್ಲಿ ಗೊಮ್ಮಟ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ನೇತ್ರಾವತಿಯ ಮುಖಭಾಗದ ಉಳ್ಳಾಲವೂ ಒಳನಾಡಿನ ಪುತ್ತಿಗೆ, ಮೂಡುಬಿದಿರೆಗಳೂ ಚೌಟರ ವಶದಲ್ಲಿದ್ದವು. ಬೈಲುಗದ್ದೆಗಳ ಅಕ್ಕಿ, ಘಟ್ಟದ ತಪ್ಪಲಿನ ಮೆಣಸು, ಅಡಕೆ, ಏಲಕ್ಕಿಗಳು ದೋಣಿಗಳಲ್ಲಿ ಇಳಿದು ಅಳಿವೆಗೆ ಬರುತ್ತಿದ್ದವು. ನದಿಯ ಬಾಯನ್ನು ಹಿಡಿದವನು ಇಡೀ ಕಣಿವೆಯ ಸಂಪತ್ತನ್ನು ಹಿಡಿದಂತೆ.

ಪೋರ್ಚುಗೀಸರು ಇದನ್ನು ಬೇಗನೆ ಮನಗಂಡರು. 1526ರಲ್ಲಿ ಅವರು ಮಂಗಳೂರನ್ನು ಆಕ್ರಮಿಸಿದರು. 1568ರಲ್ಲಿ ಅಲ್ಲಿ ಕೋಟೆಯನ್ನು ಕಟ್ಟಿದರು. ಗೋವೆಯಲ್ಲಿದ್ದ ತಮ್ಮವರ ಊಟಕ್ಕೆ ಬೇಕಾದ ಅಕ್ಕಿಯನ್ನು ಅವರು ಈ ಕರಾವಳಿಯಿಂದಲೇ ಒಯ್ಯುತ್ತಿದ್ದರು. ಅವರಿಗೆ ಕಪ್ಪವನ್ನು ನಿರಾಕರಿಸಿ ಎದುರು ನಿಂತ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರು ಸುಪ್ರಸಿದ್ಧವಾಗಿದೆ. 1623ರಲ್ಲಿ ಈ ಸೀಮೆಗೆ ಬಂದ ಪಿಯೆತ್ರೋ ದೆಲ್ಲ ವಲ್ಲೆ ಎಂಬ ಇಟಲಿಯ ಪ್ರವಾಸಿಯೂ ಉಳ್ಳಾಲದ ರಾಣಿಯನ್ನು ಕಂಡು ಬರೆದಿದ್ದಾನೆ. ಅವನು ಕಂಡದ್ದು ಸಿಂಹಾಸನದ ಮೇಲೆ ಕುಳಿತ ರಾಣಿಯನ್ನಲ್ಲ; ತಾನು ಮಾಡಿಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡಲು ಕಾಲ್ನಡಿಗೆಯಲ್ಲಿ ಹೊರಟಿದ್ದ ರಾಣಿಯನ್ನು. ಮಂಗಳೂರಿನಿಂದ ಬಂಟ್ವಾಳದ ಹಾದಿಯಲ್ಲಿ, ತುಂಬೆಯ ಪಕ್ಕದಲ್ಲೇ ಇರುವ ಫರಂಗಿಪೇಟೆ ಎಂಬ ಊರಿನ ಹೆಸರು ಇಂದಿಗೂ ಆ ಕಾಲವನ್ನು ನೆನಪಿಸುತ್ತದೆ. ಅದು ಕ್ರೈಸ್ತರು ನೆಲೆಸಿದ್ದ ಪೇಟೆಯಾಗಿತ್ತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿದಾಗ ಇಂತಹ ಪೇಟೆಗಳು ಬರಿದಾದವು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಕನ್ನಡ ಕರಾವಳಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಆದರೆ ನಾಡು ಒಡನೆಯೇ ಶಾಂತವಾಗಲಿಲ್ಲ. ಬೆಳ್ತಂಗಡಿಯ ಬಳಿ ಒಂಟಿಯಾಗಿ ನಿಂತ ಬೃಹತ್ ಬಂಡೆಯ ಮೇಲೆ ಟಿಪ್ಪು 1794ರಲ್ಲಿ ಕಟ್ಟಿಸಿದ್ದ ಜಮಲಾಬಾದ್ ಕೋಟೆಯನ್ನು ಕಂಪೆನಿಯ ಸೈನ್ಯ 1799ರಲ್ಲಿ ಹಿಡಿಯಿತು. ಕೆಲವೇ ತಿಂಗಳಲ್ಲಿ ತಿಮ್ಮನಾಯಕನೆಂಬ ಬಂಡಾಯಗಾರನು ಅದನ್ನು ಕಸಿದುಕೊಂಡನು. 1800ರಲ್ಲಿ ಮತ್ತೊಮ್ಮೆ ಮುತ್ತಿಗೆ ಹಾಕಿಯೇ ಇಂಗ್ಲಿಷರು ಅದನ್ನು ಪಡೆಯಬೇಕಾಯಿತು. ಗಡಾಯಿಕಲ್ಲು ಎಂದು ಜನ ಕರೆಯುವ ಆ ಬಂಡೆ ಇಂದಿಗೂ ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ಕಂಪೆನಿಗೆ ತಾನು ಗೆದ್ದ ನಾಡಿನ ಬೆಳೆ, ಮಣ್ಣು, ವ್ಯಾಪಾರ, ಜನಜೀವನಗಳ ವಿವರ ಬೇಕಾಗಿತ್ತು. ಅದನ್ನು ಸಂಗ್ರಹಿಸಲು ಗವರ್ನರ್ ಜನರಲ್ ವೆಲ್ಲೆಸ್ಲಿ ನೇಮಿಸಿದವನೇ ಬುಕಾನನ್. 1800ರಲ್ಲಿ ಮದರಾಸಿನಿಂದ ಹೊರಟು, ಮೈಸೂರು, ಮಲಬಾರುಗಳನ್ನು ಸುತ್ತಿ, 1801ರ ಆರಂಭದಲ್ಲಿ ಅವನು ಮಂಗಳೂರಿಗೆ ಬಂದನು. ಅಲ್ಲಿಂದ ನೇತ್ರಾವತಿಯ ದಡವನ್ನು ಹಿಡಿದು ಫರಂಗಿಪೇಟೆ, ಬಂಟ್ವಾಳಗಳಿಗೆ ಹೋಗಿ, ಬೆಳ್ತಂಗಡಿ, ಜಮಲಾಬಾದ್‌ಗಳನ್ನು ನೋಡಿ, ವೇಣೂರಿನ ಮೂಲಕ ಮೂಡುಬಿದಿರೆಯನ್ನು ತಲುಪಿದನು. ದಾರಿಯುದ್ದಕ್ಕೂ ಗದ್ದೆಗಳ ಬಗೆ, ಬೀಜದ ಅಳತೆ, ಕೂಲಿಯ ದರ, ತೋಟಗಳ ಆರೈಕೆ ಮೊದಲಾದವನ್ನು ವಿಚಾರಿಸಿ ಬರೆದಿಟ್ಟನು. ಈ ಪ್ರವಾಸದ ವೃತ್ತಾಂತ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಆಳುವವರ ಪ್ರಯೋಜನಕ್ಕಾಗಿ ಸಿದ್ಧವಾದ ಆ ಗ್ರಂಥ ಇಂದು ಆ ಕಾಲದ ಜನಜೀವನವನ್ನು ತಿಳಿಯಲು ಒಂದು ಮುಖ್ಯ ಆಧಾರವಾಗಿದೆ.

ಕೆನರಾ ಜಿಲ್ಲೆಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅವನ ಕಾಲದಿಂದ ಭೂಕಂದಾಯದ ಹೊಸ ಲೆಕ್ಕ ಆರಂಭವಾಯಿತು. ಕಂದಾಯವನ್ನು ಹಣವಾಗಿ ಸಲ್ಲಿಸಬೇಕಾದ ರೈತ ಅಕ್ಕಿಯನ್ನು ಮಾರಲೇಬೇಕು. ಮಾರಬೇಕಾದರೆ ಅದು ನದಿಯಲ್ಲಿ ಇಳಿದು ಬಂದರಿಗೆ ಹೋಗಬೇಕು. ಬಂದರಿನಲ್ಲಿ ಬೆಲೆ ಕುಸಿದರೆ ಒಳನಾಡಿನ ಬೈಲಿನಲ್ಲಿ ರೈತ ನಲುಗುತ್ತಿದ್ದನು. 1830–31ರಲ್ಲಿ ಕರಾವಳಿಯ ರೈತರು ಕೂಟಗಳೆಂಬ ಸಭೆಗಳನ್ನು ಸೇರಿ ಕಂದಾಯದ ಹೊರೆಯನ್ನು ಪ್ರತಿಭಟಿಸಿದರು. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡು, ಕೊಡಗಿನ ಅರಸರಿಗೆ ಸೇರಿದ್ದ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಅದುವರೆಗೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಅಲ್ಲಿಯೂ ಹಣವಾಗಿ ಕೇಳತೊಡಗಿದರು. ಅಸಮಾಧಾನ ಹೊತ್ತಿಕೊಂಡಿತು.

1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಕಡೆಯಿಂದ ಹೊರಟ ಬಂಡಾಯಗಾರರ ದಂಡು ಪುತ್ತೂರನ್ನು ಹಾದು, ಪಾಣೆಮಂಗಳೂರು, ಬಂಟ್ವಾಳಗಳ ಮಾರ್ಗವಾಗಿ ಮಂಗಳೂರಿನತ್ತ ನಡೆಯಿತು. ಕೆದಂಬಾಡಿ ರಾಮಯ್ಯಗೌಡ, ಕಲ್ಯಾಣಸ್ವಾಮಿ ಎಂದು ಕರೆಯಿಸಿಕೊಂಡ ಪುಟ್ಟಬಸಪ್ಪ ಮೊದಲಾದವರು ಅದರ ಮುಂದಾಳುಗಳು. ನಂದಾವರದ ಲಕ್ಷ್ಮಪ್ಪ ಬಂಗರಸನೂ ಅವರನ್ನು ಕೂಡಿಕೊಂಡನು. ಏಪ್ರಿಲ್ 5ರಂದು ಮಂಗಳೂರು ಅವರ ವಶವಾಯಿತು. ಸುಮಾರು ಹದಿಮೂರು ದಿನಗಳ ಕಾಲ ಕಂಪೆನಿಯ ಆಡಳಿತ ಅಲ್ಲಿ ಇಲ್ಲವಾಯಿತು. ಹೊರಗಿನಿಂದ ಸೈನ್ಯ ಬಂದ ಮೇಲೆ ಬಂಡಾಯ ಮುರಿಯಿತು. ಕಲ್ಯಾಣಸ್ವಾಮಿಯನ್ನೂ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. 1857ರ ಮಹಾಸಂಗ್ರಾಮಕ್ಕೆ ಇಪ್ಪತ್ತು ವರ್ಷ ಮೊದಲೇ ನಡೆದ ಈ ಹೋರಾಟವನ್ನು ಅಮರಸುಳ್ಯದ ಬಂಡಾಯವೆಂದೂ ಕಲ್ಯಾಣಪ್ಪನ ಕಾಟಕಾಯಿ ಎಂದೂ ಕರೆಯುತ್ತಾರೆ.

ಬಂಡಾಯ ಅಡಗಿದ ಮೇಲೆ ವ್ಯಾಪಾರ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂಟ್ವಾಳವು ಘಟ್ಟಕ್ಕೂ ಕಡಲಿಗೂ ನಡುವಣ ಕೈಬದಲಿನ ಪೇಟೆಯಾಯಿತು. ಮೈಸೂರು ಸೀಮೆಯಿಂದ ಚಾರ್ಮಾಡಿ ಘಾಟಿಯ ಮೂಲಕವೂ ಕೊಡಗಿನಿಂದ ಸಂಪಾಜೆ ಘಾಟಿಯ ಮೂಲಕವೂ ಕಾಫಿ, ಏಲಕ್ಕಿ ಮೊದಲಾದ ಸರಕನ್ನು ಹೊತ್ತ ಎತ್ತಿನಗಾಡಿಗಳು ನದಿಯ ದಡಕ್ಕೆ ಬರುತ್ತಿದ್ದವು. ಅಲ್ಲಿ ಸರಕು ದೋಣಿಗೆ ಏರಿ ಮಂಗಳೂರಿಗೆ ಇಳಿಯುತ್ತಿತ್ತು. ಮಂಗಳೂರಿನಲ್ಲಿ ಅದನ್ನು ಹಾಯಿಕಟ್ಟಿದ ಮಂಜಿಗಳಿಗೂ ಹಡಗುಗಳಿಗೂ ತುಂಬುತ್ತಿದ್ದರು. ಮರಳಿ ಬರುವ ದೋಣಿಗಳು ಉಪ್ಪು, ಒಣಮೀನು, ಬಟ್ಟೆಬರೆಗಳನ್ನು ತರುತ್ತಿದ್ದವು. ಉಪ್ಪಿನಂಗಡಿ ಎಂಬ ಹೆಸರಿನಲ್ಲಿಯೇ ಉಪ್ಪಿನ ಅಂಗಡಿಗಳ ನೆನಪು ಉಳಿದಿದೆ. ಅಂಬಿಗರು ಬಿದಿರ ಗಳುವನ್ನು ಊರಿ ದೋಣಿಯನ್ನು ಏರುಮುಖವಾಗಿ ನಡೆಸುವುದು ಬಲು ಶ್ರಮದ ಕೆಲಸವಾಗಿತ್ತು. ಮಕ್ಕಳ ಸಾಹಿತ್ಯದಿಂದ ಕನ್ನಡಿಗರ ಮನೆಮಾತಾದ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ.

ಕೈಗಾರಿಕೆಯೂ ನದಿಯನ್ನೇ ನಂಬಿ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನದೀತೀರದ ಜೇಡಿಮಣ್ಣು, ಒಳನಾಡಿನ ಸೌದೆ, ಇವೆರಡನ್ನೂ ಸಾಗಿಸುವ ದೋಣಿಗಳು ಒಂದೇ ಕಡೆ ದೊರೆತುದರಿಂದ ಆ ಉದ್ಯಮ ಬೇಗನೆ ಬೆಳೆದು ಹಲವು ಕಾರ್ಖಾನೆಗಳು ತಲೆಯೆತ್ತಿದವು. ಮುಳಿಹುಲ್ಲು ಹೊದಿಸಿದ ಮಾಡುಗಳ ಸ್ಥಾನದಲ್ಲಿ ಮಂಗಳೂರು ಹೆಂಚಿನ ಮಾಡುಗಳು ಕಾಣಿಸಿಕೊಂಡವು. ಆ ಹೆಂಚು ಕಡಲಾಚೆಯ ನಾಡುಗಳಿಗೂ ಹೋಯಿತು. ಇತ್ತ 1882ರ ಮದರಾಸು ಅರಣ್ಯ ಕಾಯಿದೆಯಿಂದ ಘಟ್ಟದ ಕಾಡುಗಳು ಸರಕಾರದ ಬಿಗಿಹಿಡಿತಕ್ಕೆ ಬಂದವು. ಕಾಡನ್ನು ಕಡಿದು ಸುಟ್ಟು ಮಾಡುತ್ತಿದ್ದ ಕುಮರಿ ಬೇಸಾಯಕ್ಕೆ ಅದಕ್ಕೂ ಮೊದಲೇ ತಡೆಬಿದ್ದಿತ್ತು. ಕುಮರಿಯನ್ನೇ ನಂಬಿದ್ದ ಮಲೆಯ ಜನರಿಗೆ ಕಷ್ಟವಾಯಿತು. ಸರಕಾರಕ್ಕೆ ಮರಮಟ್ಟು ದೊರೆಯಿತು.

ನದಿಯು ಹೆದ್ದಾರಿಯಾಗಿದ್ದ ಈ ಕಾಲ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಗಿಯುತ್ತ ಬಂತು. 1907ರಲ್ಲಿ ಮಂಗಳೂರಿಗೆ ರೈಲು ಬಂದಿತು. 1914ರಲ್ಲಿ ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಉಕ್ಕಿನ ಸೇತುವೆಯಾಯಿತು. ಅದುವರೆಗೆ ಕಡವಿನಲ್ಲಿ ದೋಣಿಗಾಗಿ ಕಾಯುತ್ತಿದ್ದ ಗಾಡಿಗಳು ಈಗ ನೇರವಾಗಿ ನದಿಯನ್ನು ದಾಟಿದವು. ಮೋಟಾರುಗಳು ಬಂದ ಮೇಲೆ ಸರಕು ದೋಣಿಗೆ ಇಳಿಯುವ ಅಗತ್ಯವೇ ಉಳಿಯಲಿಲ್ಲ. 1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗವೂ ಪೂರ್ಣವಾಯಿತು. ಪೇಟೆಯ ವ್ಯಾಪಾರ ನದಿಯ ದಡವನ್ನು ಬಿಟ್ಟು ಬಂಟ್ವಾಳಕ್ಕೆ ತಿರುಗುವ ಅಡ್ಡರಸ್ತೆಯ ಬಳಿಗೆ ಸರಿಯಿತು; ಬಿ. ಸಿ. ರೋಡ್ ಎಂಬ ಹೊಸ ಪೇಟೆ ಬೆಳೆದದ್ದು ಹೀಗೆ. ಜನ ನದಿಗೆ ಬೆನ್ನು ತಿರುಗಿಸಿದರೂ ನದಿ ಮಾತ್ರ ಆಗಾಗ ತನ್ನ ಇರವನ್ನು ನೆನಪಿಸಿತು. 1923ರ ಮತ್ತು 1974ರ ನೆರೆಗಳಲ್ಲಿ ಬಂಟ್ವಾಳ, ಪಾಣೆಮಂಗಳೂರುಗಳ ಬೀದಿಗಳು ನೀರಿನಲ್ಲಿ ಮುಳುಗಿದ್ದನ್ನು ಹಿರಿಯರು ವರ್ಷವನ್ನು ಗುರುತಿಸಲು ಬಳಸುವಷ್ಟರಮಟ್ಟಿಗೆ ಆ ನೆನಪು ಗಾಢವಾಗಿತ್ತು.

ಈ ನಡುವೆ ಮಂಗಳೂರು ದೊಡ್ಡ ನಗರವಾಗಿ ಬೆಳೆಯಿತು. ಮುರಕಲ್ಲಿನ ಬಾವಿಗಳ ನೀರು ಅದಕ್ಕೆ ಸಾಲದಾಯಿತು. ಹಿಂದೆ ಸರಕನ್ನು ಹೊತ್ತ ನೇತ್ರಾವತಿ ಈಗ ನಗರಕ್ಕೆ ನೀರನ್ನು ಹೊರಬೇಕಾಯಿತು. ಆದರೆ ನದಿಯ ಮುಖದ ಸಮೀಪದಲ್ಲಿ ನೀರನ್ನು ಎತ್ತುವಂತಿರಲಿಲ್ಲ. ಬೇಸಗೆಯಲ್ಲಿ ನದಿಯ ಹರಿವು ಕುಗ್ಗಿದಾಗ ಸಮುದ್ರದ ಉಬ್ಬರ ಅಳಿವೆಯಿಂದ ಒಳಕ್ಕೆ ನುಗ್ಗಿ ನೀರನ್ನು ಉಪ್ಪಾಗಿಸುತ್ತದೆ. ಆದುದರಿಂದ ಒಳನಾಡಿನ ತುಂಬೆಯನ್ನು ಆಯ್ದುಕೊಂಡು ಅಲ್ಲಿ ನದಿಗೆ ಕಿಂಡಿ ಅಣೆಕಟ್ಟನ್ನು ಕಟ್ಟಲಾಯಿತು. ಅದರಲ್ಲಿ ಸುಮಾರು 4 ಮೀಟರು ಎತ್ತರಕ್ಕೆ ನೀರು ನಿಲ್ಲುತ್ತಿತ್ತು. ನಗರದ ಅಗತ್ಯ ಹೆಚ್ಚಿದಂತೆ 2010ರ ದಶಕದಲ್ಲಿ 7 ಮೀಟರು ಎತ್ತರಕ್ಕೆ ನೀರನ್ನು ನಿಲ್ಲಿಸಬಲ್ಲ ಹೊಸ ಅಣೆಕಟ್ಟು ಸಿದ್ಧವಾಯಿತು.

ಕಿಂಡಿ ಅಣೆಕಟ್ಟಿನ ತತ್ತ್ವ ಸರಳವಾದುದು. ದೊಡ್ಡ ಅಣೆಕಟ್ಟಿನಂತೆ ಅದು ನದಿಯನ್ನು ವರ್ಷವಿಡೀ ತಡೆಯುವುದಿಲ್ಲ. ಸಾಲಾಗಿ ನಿಂತ ಕಂಬಗಳ ನಡುವೆ ಕಿಂಡಿಗಳಿರುತ್ತವೆ, ಕಿಂಡಿಗಳಿಗೆ ಬಾಗಿಲುಗಳಿರುತ್ತವೆ. ಮಳೆಗಾಲದಲ್ಲಿ ಬಾಗಿಲುಗಳನ್ನು ತೆರೆದಿಡುವುದರಿಂದ ನೆರೆಯ ನೀರು, ಅದರೊಡನೆ ಬರುವ ಮಣ್ಣು ಮರಳುಗಳು ಹೊರಟುಹೋಗುತ್ತವೆ. ಮಳೆ ನಿಂತು ಹರಿವು ಇಳಿದ ಮೇಲೆ ಬಾಗಿಲುಗಳನ್ನು ಮುಚ್ಚುತ್ತಾರೆ. ಆಗ ಅಣೆಕಟ್ಟಿನ ಹಿಂದೆ ನೀರು ಮೆಲ್ಲಮೆಲ್ಲನೆ ಏರಿ ನದಿ ಸರೋವರವಾಗುತ್ತದೆ. ಹಳ್ಳಿಯ ರೈತನ ಮಣ್ಣಿನ ಕಟ್ಟವೇ ಇಲ್ಲಿ ಕಾಂಕ್ರೀಟಿನ ರೂಪವನ್ನು ತಾಳಿದೆ ಎನ್ನಬಹುದು. ಆದರೆ ಒಂದು ವ್ಯತ್ಯಾಸವುಂಟು. ಕಟ್ಟದ ನೀರು ಅದನ್ನು ಕಟ್ಟಿದವರ ಗದ್ದೆಗೇ ಹರಿಯುತ್ತಿತ್ತು. ಸರೋವರದ ನೀರು ಕೊಳವೆಗಳಲ್ಲಿ ದೂರದ ನಗರಕ್ಕೆ ಹೋಗುತ್ತದೆ. ನೀರಿನ ಮಟ್ಟ ಏರಿದಂತೆ ದಡದ ತೋಟ, ಗದ್ದೆಗಳಲ್ಲಿ ಕೆಲವು ಮುಳುಗಡೆಯಾದವು. ಅವುಗಳ ಪರಿಹಾರಕ್ಕಾಗಿ ರೈತರು ಬೇಡಿಕೆ ಸಲ್ಲಿಸಬೇಕಾಯಿತು. ನಗರದ ನಲ್ಲಿಯಲ್ಲಿ ಬರುವ ನೀರಿಗೆ ಹಳ್ಳಿಯ ನೆಲ ಬೆಲೆ ತೆತ್ತಿದೆ ಎಂಬುದನ್ನು ಮರೆಯಬಾರದು.

ಸರೋವರವೂ ಬರಿದಾಗದ ಅಕ್ಷಯಪಾತ್ರೆಯಲ್ಲ. 2016 ಮತ್ತು 2019ರ ಬೇಸಗೆಗಳಲ್ಲಿ ತುಂಬೆಯ ನೀರಿನ ಮಟ್ಟ ಕುಸಿದು ಮಂಗಳೂರಿನಲ್ಲಿ ನೀರನ್ನು ಮಿತವಾಗಿ ಹಂಚಬೇಕಾಯಿತು. ಅದೇ 2019ರ ಆಗಸ್ಟ್ ತಿಂಗಳಲ್ಲಿ ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ತಪ್ಪಲಿನಲ್ಲಿ ಗುಡ್ಡಗಳು ಕುಸಿದು, ಹೊಳೆಗಳು ಉಕ್ಕಿ, ತೋಟಗಳ ಮೇಲೆ ಮರಳು, ಮರದ ದಿಮ್ಮಿಗಳು ಹರಡಿಕೊಂಡವು. ಮೂರೇ ತಿಂಗಳ ಅಂತರದಲ್ಲಿ ಒಂದೇ ಕಣಿವೆ ನೀರಿಲ್ಲದೆಯೂ ಬಳಲಿತು, ನೀರು ಹೆಚ್ಚಾಗಿಯೂ ಬಳಲಿತು. ಸರೋವರವನ್ನು ತುಂಬಿಸುವುದು ಅಣೆಕಟ್ಟಲ್ಲ, ಘಟ್ಟದ ಕಾಡು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕಾಡು ತೆಳುವಾದಲ್ಲಿ ಮಳೆನೀರು ಇಂಗದೆ ನುಗ್ಗಿ ಬರುತ್ತದೆ. ಇಂಗದ ನೀರು ಬೇಸಗೆಗೆ ಉಳಿಯುವುದಿಲ್ಲ. ಕುಮಾರಧಾರೆಯ ಮೇಲ್ಭಾಗದ ಹಳ್ಳಗಳ ಮಳೆಗಾಲದ ನೀರನ್ನು ಪೂರ್ವದ ಒಣಜಿಲ್ಲೆಗಳಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಕುಡಿಯುವ ನೀರಿಲ್ಲದ ಕೋಲಾರ, ಚಿಕ್ಕಬಳ್ಳಾಪುರಗಳ ಜನರ ಅಗತ್ಯವೂ ನಿಜ. ನದಿ ಬಡವಾದೀತೆಂಬ ಕರಾವಳಿಯವರ ಆತಂಕವೂ ನಿಜ. ಇತ್ತ ತುಂಬೆಯಿಂದ ಕೆಳಗೆ, ಹರೇಕಳ ಮತ್ತು ಅಡ್ಯಾರುಗಳ ನಡುವೆ, ಉಪ್ಪುನೀರು ಮೇಲೇರದಂತೆ ತಡೆಯಲು ಸೇತುವೆಸಹಿತವಾದ ಮತ್ತೊಂದು ಕಿಂಡಿ ಅಣೆಕಟ್ಟನ್ನು ಕಟ್ಟಲಾಗಿದೆ.

ಒಂದು ಚಿಕ್ಕ ಜಲರಾಶಿಯ ಸುತ್ತ ಇಷ್ಟೊಂದು ಸಂಗತಿಗಳು ಹೆಣೆದುಕೊಂಡಿವೆ. ಅಕ್ಕಿಗಾಗಿ ಪೋರ್ಚುಗೀಸರು, ಕಂದಾಯಕ್ಕಾಗಿ ಕಂಪೆನಿಯವರು, ಸರಕಿಗಾಗಿ ವರ್ತಕರು, ಮಣ್ಣಿಗಾಗಿ ಹೆಂಚಿನ ಕಾರ್ಖಾನೆಯವರು, ನೀರಿಗಾಗಿ ನಗರದವರು, ಹೀಗೆ ಒಬ್ಬರಾದ ಮೇಲೊಬ್ಬರು ಈ ನದಿಯಿಂದ ತಮಗೆ ಬೇಕಾದುದನ್ನು ಪಡೆದರು. ಕಟ್ಟ ಕಟ್ಟುತ್ತಿದ್ದ ರೈತ ಮಾತ್ರ ಪಡೆದ ನೀರಿನಲ್ಲಿ ಒಂದು ಪಾಲನ್ನು ನೆಲಕ್ಕೆ ಮರಳಿಸುತ್ತಿದ್ದನು. ಹೊಳೆಗೆ ಹರಿಯುವ ನೀರನ್ನು ಹಿತ್ತಿಲಲ್ಲಿ ಇಂಗಿಸುವುದು, ಪಾಳುಬಿದ್ದ ಮದಕದ ಹೂಳೆತ್ತುವುದು, ಗುಡ್ಡದ ಮರಗಳನ್ನು ಉಳಿಸುವುದು, ನಲ್ಲಿಯ ನೀರನ್ನು ಹಿತಮಿತವಾಗಿ ಬಳಸುವುದು—ಇವೆಲ್ಲ ಆ ಪಾಲನ್ನು ಮರಳಿಸುವ ಬಗೆಗಳೇ. ಮಳೆಗಾಲ ಕಳೆದು ತುಂಬೆಯ ಬಾಗಿಲುಗಳು ಮುಚ್ಚಿಕೊಳ್ಳುವಾಗ ಸರೋವರ ಎಷ್ಟು ತುಂಬುವುದೆಂಬುದು, ಅದಕ್ಕೂ ಮೊದಲು ಕಣಿವೆಯ ಸಾವಿರಾರು ಗುಡ್ಡಗಳಲ್ಲಿ ಎಷ್ಟು ನೀರು ಇಂಗಿತ್ತೆಂಬುದನ್ನು ಅವಲಂಬಿಸಿದೆ.